ಮುಳುಗುವ ದೋಣಿಗೆ ಹಳೇ ರೇಡಿಯೊ

ಹೋದ ತಿಂಗಳು ಒಂದು ಶನಿವಾರ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ನಡೆದೆ. ಈ ರಸ್ತೆಗೆ ಡಾ. ಭಡ್ಕಮ್ಕರ್ ಮಾರ್ಗ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು, ಆದರೂ ನಮ್ಮ ಬಾಯಿಗೆ ಇನ್ನೂ ಲ್ಯಾಮಿಂಗ್ಟನ್ನೇ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ಕೆಂಪುಕೋಟೆ ಎದುರಿನ ಲಜಪತ್ ರಾಯ್ ಮಾರ್ಕೆಟ್ ಹೇಗೋ, ನಮಗೆ ಇದು ಹಾಗೆ. ಅಂಗಡಿಯವನ ಮುಂದೆ ಒಂದು ಚೀಟಿ ಇಟ್ಟೆ. ಆರ್ಡುಯಿನೊ ನ್ಯಾನೊ ಒಂದು, ಎಂಪಿಯು-6050 ಒಂದು, ಸಣ್ಣ ಸರ್ವೊ ಮೂರು, 104 ಕೆಪಾಸಿಟರ್ ಒಂದು ಹಿಡಿ. ಅವನು ಚೀಟಿ ನೋಡಿ, "ಡ್ರೋನ್ ಕೆ ಲಿಯೇ?" ಅಂದ. "ನಹೀ ಭಾಯ್, ಸಬ್‌ಮರೀನ್" ಅಂದೆ. ಒಂದು ಕ್ಷಣ ನನ್ನ ಬಿಳಿ ಕೂದಲು ನೋಡಿದ. ಆಮೇಲೆ ಸುಮ್ಮನೆ ಸಾಮಾನು ಕಟ್ಟಿಕೊಟ್ಟ. ಈ ರಸ್ತೆಯವರು ಎಂಥೆಂಥ ಹುಚ್ಚರನ್ನೋ ನೋಡಿದವರು ಬಿಡಿ :-)

ಅವನಿಗೆ ಹೇಳದ ವಿಷಯ ಒಂದಿದೆ. ಇದು ನನ್ನ ಎರಡನೇ ಸಬ್‌ಮರೀನ್. ಮೊದಲನೆಯದು ಸ್ನೇಹಿತರೊಬ್ಬರ ಸೊಸೈಟಿಯ ಈಜುಕೊಳದಲ್ಲಿ, ಹತ್ತಾರು ಮಕ್ಕಳ ಎದುರಿಗೆ, ಸುಮಾರು ಒಂದಡಿ ಇಳಿದ ಕೂಡಲೇ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಕಡ್ಡಿ ಅತ್ತ ತಿರುಗಿಸಿದರೂ ಇಲ್ಲ, ಇತ್ತ ತಿರುಗಿಸಿದರೂ ಇಲ್ಲ. ನೆಲ ಮುಟ್ಟಿ ಮಲಗಿತು. ಒಬ್ಬ ಹುಡುಗ ಮುಳುಗಿ ಎತ್ತಿ ತರುವಷ್ಟರಲ್ಲಿ ಒಳಗೆ ನೀರು ಹೋಗಿ ಎಲ್ಲ ಸುಟ್ಟಿತ್ತು. ತಪ್ಪು ಯಾರದ್ದೂ ಅಲ್ಲ, ನನ್ನದೇ. ರೇಡಿಯೊ ಹೊಸದು, ದುಬಾರಿಯದು, ಪೆಟ್ಟಿಗೆಯ ಮೇಲೆ ಒಂದು ಕಿಲೋಮೀಟರ್ ರೇಂಜ್ ಎಂದು ಬರೆದದ್ದು. ಆ ಒಂದು ಕಿಲೋಮೀಟರ್ ಗಾಳಿಯಲ್ಲಿ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಯಾಕೆ ಹೀಗಾಯಿತು ಎಂದು ಓದುತ್ತಾ ಹೋದಾಗ ನೂರು ವರ್ಷಕ್ಕೂ ಮೀರಿದ ಒಂದು ಚರಿತ್ರೆ ಸಿಕ್ಕಿತು. ಅದನ್ನು ನಿಮಗೂ ಹೇಳೋಣ ಅನ್ನಿಸಿ ಬರೆಯುತ್ತಿದ್ದೇನೆ.

ಶುರು ಮಾಡಬೇಕಾದದ್ದು 1898ರಿಂದ. ಆ ವರ್ಷ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ವಿದ್ಯುತ್ ಪ್ರದರ್ಶನದಲ್ಲಿ ನಿಕೊಲಾ ಟೆಸ್ಲಾ ಒಂದು ನೀರಿನ ತೊಟ್ಟಿ ಇಟ್ಟು, ಅದರಲ್ಲಿ ಒಂದು ಸಣ್ಣ ಕಬ್ಬಿಣದ ದೋಣಿ ಬಿಟ್ಟ. ತಂತಿ ಇಲ್ಲ, ಹಗ್ಗ ಇಲ್ಲ. ಟೆಸ್ಲಾ ದೂರದಲ್ಲಿ ಒಂದು ಪೆಟ್ಟಿಗೆಯ ಸನ್ನೆಗೋಲು ತಿರುಗಿಸಿದರೆ ದೋಣಿ ತಿರುಗುತ್ತಿತ್ತು, ದೀಪ ಹೊತ್ತಿಸುತ್ತಿತ್ತು. ಒಳಗೆ ಪಳಗಿಸಿದ ಕೋತಿಯೊಂದು ಕೂತಿದೆ ಎಂದು ನೋಡಿದವರಲ್ಲಿ ಕೆಲವರು ಅಂದುಕೊಂಡರಂತೆ. ಅದೇ ವರ್ಷ ನವೆಂಬರ್ 8ರಂದು ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 613,809. ಇವತ್ತಿನ ಪ್ರತಿಯೊಂದು ರಿಮೋಟ್ ಆಟಿಕೆಗೂ ಆ ದೋಣಿಯೇ ಮುತ್ತಜ್ಜಿ.

ಆ ಕಥೆ ಹೇಳುವವರು ನಮ್ಮ ಜಗದೀಶಚಂದ್ರ ಬೋಸರನ್ನು ಮರೆಯಬಾರದು. 1895ರಲ್ಲೇ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಅವರು ತಂತಿಯಿಲ್ಲದೆ, ಗೋಡೆಯಾಚೆಯಿಂದ, ಗಂಟೆ ಬಾರಿಸಿ ಸಿಡಿಮದ್ದು ಸಿಡಿಸಿ ತೋರಿಸಿದ್ದರು. ಅವರು ಬಳಸಿದ್ದು ಮಿಲಿಮೀಟರ್ ಅಳತೆಯ ಅಲೆಗಳನ್ನು. ದೂರದಿಂದ ಒಂದು ಕೆಲಸ ಮಾಡಿಸುವುದು ಎಂಬ ಅರ್ಥದಲ್ಲಿ ಅದೂ ರಿಮೋಟ್ ಕಂಟ್ರೋಲೇ.

ಆದರೆ ಒಂದು ವಿಷಯ ಗಮನಿಸಿ. ಟೆಸ್ಲಾನ ದೋಣಿ ತೇಲುತ್ತಿತ್ತು, ಅದರ ಆಂಟೆನಾ ಗಾಳಿಯಲ್ಲಿತ್ತು. ಅದೇ ದೋಣಿ ಮುಳುಗಿದ್ದರೆ? ಅಲ್ಲಿಂದ ಶುರುವಾಗುತ್ತದೆ ನಮ್ಮ ಕಷ್ಟ.

ರೇಡಿಯೊ ಅಲೆಗಳಿಗೆ ನೀರು ಕಂಡರೆ ಆಗದು, ಅದರಲ್ಲೂ ಉಪ್ಪುನೀರು. ಅಲೆಯ ಆವರ್ತನ ಹೆಚ್ಚಿದಷ್ಟೂ ನೀರು ಅದನ್ನು ಬೇಗ ನುಂಗುತ್ತದೆ. ಈಗಿನ ಬಹುಪಾಲು ಹವ್ಯಾಸಿ ರಿಮೋಟುಗಳು, ವೈಫೈ, ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ತೆಗೆದುಕೊಳ್ಳಿ. ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಹೆಚ್ಚು ಕಡಿಮೆ ಅದೇ ಆವರ್ತನದ್ದು. ಅನ್ನದಲ್ಲಿರುವ ನೀರು ಆ ಅಲೆಗಳನ್ನು ಹೀರಿಕೊಂಡೇ ಬಿಸಿಯಾಗುವುದು. (ನೀರಿನ ಅಣು ಸರಿಯಾಗಿ ಆ ಆವರ್ತನಕ್ಕೇ ಕುಣಿಯುತ್ತದೆ ಎಂದು ಹಲವರು ಹೇಳುತ್ತಾರೆ, ಅದು ನಿಜವಲ್ಲ. ಇನ್ನೂ ಎಷ್ಟೋ ಮೇಲಿನ ಆವರ್ತನದ ತನಕ ನೀರಿನ ಹಸಿವು ಏರುತ್ತಲೇ ಹೋಗುತ್ತದೆ.) ಹಾಗಾದರೆ ನನ್ನ ದೋಣಿಯ ಮೇಲಿದ್ದ ಒಂದಡಿ ನೀರು ಏನು ಮಾಡಿತು ಅಂದರೆ, ನನ್ನ ಆಜ್ಞೆಯನ್ನು ಕುಡಿದು ಜೀರ್ಣಿಸಿಕೊಂಡಿತು!

ಕುಳಿತು ಲೆಕ್ಕ ಹಾಕಿದೆ. ಸಿಹಿನೀರಿನಲ್ಲಿ 2.4 ಗಿಗಾಹರ್ಟ್ಸ್ ಅಲೆ ಪ್ರತಿ ಸೆಂಟಿಮೀಟರಿಗೂ ಸುಮಾರು 40% ಶಕ್ತಿ ಕಳೆದುಕೊಳ್ಳುತ್ತದೆ. 10 ಸೆಂಟಿಮೀಟರಿಗೆ ಇನ್ನೂರೈವತ್ತರಲ್ಲಿ ಒಂದು ಪಾಲು ಉಳಿಯುತ್ತದೆ. 30 ಸೆಂಟಿಮೀಟರಿಗೆ ಬಂದರೆ ಒಂದೂವರೆ ಕೋಟಿಯಲ್ಲಿ ಒಂದು ಪಾಲು! ಅದೇ ಹಳೇ ಕಾಲದ 27 ಮೆಗಾಹರ್ಟ್ಸ್ ಅಲೆ ಸಾಧಾರಣ ಕೊಳದ ನೀರಿನಲ್ಲಿ ಒಂದು ಇಡೀ ಮೀಟರ್ ದಾಟಿದ ಮೇಲೂ ಶಕ್ತಿಯ ಸುಮಾರು 40% ಉಳಿಸಿಕೊಂಡಿರುತ್ತದೆ. ವ್ಯತ್ಯಾಸ ಎಷ್ಟು ನೋಡಿ.

ಆದರೆ ಅದೇ 27 ಮೆಗಾಹರ್ಟ್ಸನ್ನು ಗಿರ್‌ಗಾಂವ್ ಚೌಪಾಟಿಗೋ ನಮ್ಮ ಕಾರವಾರದ ಕಡಲಿಗೋ ತೆಗೆದುಕೊಂಡು ಹೋದರೆ ಆಟ ಮುಗಿಯಿತು. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. ಅರ್ಧ ಮೀಟರ್ ದಾಟುವಷ್ಟರಲ್ಲಿ ನೂರು ಕೋಟಿಯಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಮಾದರಿ ಸಬ್‌ಮರೀನ್ ಹವ್ಯಾಸ ಎಂಬುದು ಲೋಕದಲ್ಲೆಲ್ಲ ಕೆರೆ, ಕೊಳ, ಈಜುಕೊಳಗಳ ಹವ್ಯಾಸ. ಕಡಲಿನದಲ್ಲ.

ನಿಜವಾದ ಸಬ್‌ಮರೀನುಗಳ ಗತಿಯೂ ಇದೇ. ಅವುಗಳ ಜೊತೆ ಮಾತಾಡಬೇಕಾದರೆ ಆವರ್ತನವನ್ನು ಪಾತಾಳಕ್ಕೆ ಇಳಿಸಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರು ಕಾಲ್ಬೆ ಎಂಬ ಊರಿನ ಹತ್ತಿರ ಗೋಲಿಯಾತ್ ಎಂಬ ದೈತ್ಯ ಟ್ರಾನ್ಸ್‌ಮಿಟರ್ ಕಟ್ಟಿ 1943ರಲ್ಲಿ ಚಾಲೂ ಮಾಡಿದರು. ಸಾವಿರ ಕಿಲೋವ್ಯಾಟ್ ಶಕ್ತಿ. ನೀರೊಳಗಿದ್ದ ಯು-ಬೋಟುಗಳಿಗೂ ಕೇಳಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಸೋವಿಯತ್ ಸೈನ್ಯ ಅದನ್ನು ಬಿಚ್ಚಿ ಹೊತ್ತುಕೊಂಡು ಹೋಗಿ ತಮ್ಮ ದೇಶದಲ್ಲಿ ಮತ್ತೆ ನಿಲ್ಲಿಸಿಕೊಂಡಿತು. ನಮ್ಮ ದೇಶದಲ್ಲೂ ಅಂಥದ್ದೊಂದಿದೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ 1990ರಲ್ಲಿ ಶುರುವಾದ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್. ಅದರ ಆವರ್ತನ ಸುಮಾರು 18 ಕಿಲೋಹರ್ಟ್ಸ್, ಅಲೆಯ ಉದ್ದ ಹದಿನಾರು ಕಿಲೋಮೀಟರಿಗಿಂತ ಹೆಚ್ಚು. ಅಷ್ಟೆಲ್ಲ ಮಾಡಿದರೂ ಕಡಲಿನಲ್ಲಿ ಅದು ಇಳಿಯುವುದು ಹತ್ತಿಪ್ಪತ್ತು ಮೀಟರ್ ಅಷ್ಟೆ. ಅದೂ ಒಂದೇ ದಿಕ್ಕಿನ ಮಾತು. ದಡದವರು ಹೇಳಬಹುದು, ಒಳಗಿನವರು ಕೇಳಬಹುದು, ಉತ್ತರ ಕೊಡುವ ಹಾಗಿಲ್ಲ.

1992ರಲ್ಲಿ ಮಝಗಾಂವ್ ಡಾಕಿನಲ್ಲಿ ಕಟ್ಟಿದ ಐಎನ್ಎಸ್ ಶಾಲ್ಕಿ ನೌಕಾಪಡೆ ಸೇರಿತು. ಭಾರತದಲ್ಲೇ ಕಟ್ಟಿದ ಮೊದಲ ಸಬ್‌ಮರೀನ್ ಅದು. ನಾನು ಆಗ ಈ ಊರಿಗೆ ಬಂದು ಕೆಲವೇ ವರ್ಷ. ಪತ್ರಿಕೆಯಲ್ಲಿ ಬಂದ ಆ ಕಪ್ಪು ಬೆನ್ನಿನ ಚಿತ್ರ ನೋಡಿ, ಇದು ಮುಳುಗಿದ ಮೇಲೆ ಯಾರ ಮಾತು ಕೇಳುತ್ತದೆ ಎಂದು ಯೋಚಿಸಿದ್ದು ನೆನಪಿದೆ. ಹುಚ್ಚು ಅಂಟಿಕೊಂಡದ್ದು ಅವತ್ತೇ ಇರಬೇಕು.

ಇರಲಿ, ಹವ್ಯಾಸಿಗಳ ಕಥೆಗೆ ಬರೋಣ. ಈ ಹವ್ಯಾಸದ ಒಂದು ವಿಶೇಷ ಏನೆಂದರೆ, ಇದಕ್ಕೆಂದೇ ಯಾರೂ ಎಲೆಕ್ಟ್ರಾನಿಕ್ಸ್ ತಯಾರಿಸುವುದು ಬಹಳ ಕಡಿಮೆ. ಮಾರುಕಟ್ಟೆ ಅಷ್ಟು ಚಿಕ್ಕದು. ಆದ್ದರಿಂದ ಸಬ್‌ಮರೀನಿನವರು ಯಾವಾಗಲೂ ಪಕ್ಕದ ಮನೆಯಿಂದ ಸಕ್ಕರೆ ಕಡ ತಂದವರೇ. ಮೊದಲು ವಿಮಾನದವರಿಂದ ತಂದರು, ಆಮೇಲೆ ಕಾರಿನವರಿಂದ, ಆಮೇಲೆ ವಿಡಿಯೊ ಗೇಮಿನವರಿಂದ, ಈಗ ಡ್ರೋನಿನವರಿಂದ.

ವಿಮಾನದವರ ಕಥೆ 1937ಕ್ಕೆ ಹೋಗುತ್ತದೆ. ಅಮೆರಿಕದ ಕಲಮಜೂ ಎಂಬ ಊರಿನಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸಹೋದರರು ಗಫ್ ಎಂದು ಹೆಸರಿಟ್ಟ ಮಾದರಿ ವಿಮಾನವನ್ನು ರೇಡಿಯೊದಿಂದ ಹಾರಿಸಿದರು. ಆಗಿನ ರಿಸೀವರಿಗೆ ಗೊತ್ತಿದ್ದದ್ದು ಒಂದೇ ಮಾತು, ಇದೆ ಅಥವಾ ಇಲ್ಲ. ಗುಂಡಿ ಒತ್ತಿದಾಗ ತಿರುಚಿಟ್ಟ ರಬ್ಬರ್ ಬ್ಯಾಂಡಿನ ಬಲದಿಂದ ಒಂದು ಚಕ್ರ ಒಂದು ಹಲ್ಲು ಮುಂದೆ ಸರಿಯುತ್ತಿತ್ತು. ಒಂದು ಸಲ ಒತ್ತಿದರೆ ಎಡಕ್ಕೆ, ಬಿಟ್ಟರೆ ನೇರ, ಮತ್ತೆ ಒತ್ತಿದರೆ ಬಲಕ್ಕೆ. ಎಷ್ಟು ಸಲ ಒತ್ತಿದೆ ಎಂಬುದನ್ನು ಮರೆತರೆ ವಿಮಾನ ಮರಕ್ಕೆ! 1950ರ ದಶಕದ ಬಹುಪಾಲು ಹೀಗೇ ನಡೆಯಿತು.

1960ರ ದಶಕದ ಆರಂಭದಲ್ಲಿ ಅಮೆರಿಕದ ಡಗ್ ಸ್ಪ್ರೆಂಗ್ ಮತ್ತು ಡಾನ್ ಮ್ಯಾಥಿಸ್ ಎಂಬಿಬ್ಬರು ಬೇರೆ ದಾರಿ ಹಿಡಿದರು. ಕಡ್ಡಿ ಎಷ್ಟು ಸರಿಯಿತೋ ಅಷ್ಟೇ ಚುಕ್ಕಾಣಿ ಸರಿಯಬೇಕು. ಅದಕ್ಕೆ ವಿದ್ಯುತ್ ಮಿಡಿತದ ಅಗಲವೇ ಭಾಷೆ. ಒಂದು ಮಿಲಿಸೆಕೆಂಡ್ ಅಗಲವಿದ್ದರೆ ಈ ತುದಿ, ಎರಡು ಮಿಲಿಸೆಕೆಂಡ್ ಇದ್ದರೆ ಆ ತುದಿ, ಒಂದೂವರೆ ಇದ್ದರೆ ನಡುವೆ. ಸೆಕೆಂಡಿಗೆ ಸುಮಾರು 50 ಸಲ ಇದೇ ಮಾತು ಮತ್ತೆ ಮತ್ತೆ. ಅರವತ್ತು ವರ್ಷ ದಾಟಿದರೂ ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಾನು ಕೊಂಡ ಪುಟ್ಟ ಸರ್ವೊ ಇದೇ ಭಾಷೆ ಆಡುತ್ತದೆ. ಭಾಷೆ ಬದಲಾಗದ್ದರಿಂದಲೇ ಒಬ್ಬರ ಮನೆಯ ಸಾಮಾನು ಇನ್ನೊಬ್ಬರ ಮನೆಯಲ್ಲಿ ಕೆಲಸ ಮಾಡುತ್ತದೆ. ಕಡ ತರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ರೇಡಿಯೊ ಆಯಿತು. ಇನ್ನು ಮುಳುಗಿಸುವುದು. ಇಲ್ಲಿ ಎಲೆಕ್ಟ್ರಾನಿಕ್ಸಿಗಿಂತ ಆರ್ಕಿಮಿಡೀಸ್ ಮುಖ್ಯ. ನಾನು ತಗೊಂಡದ್ದು 75 ಮಿಲಿಮೀಟರಿನ ಪಿವಿಸಿ ಪೈಪು, 60 ಸೆಂಟಿಮೀಟರ್ ಉದ್ದ. ಅದು ಸುಮಾರು 2.6 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಅದು ಮುಳುಗಬೇಕಾದರೆ 2.6 ಕಿಲೋ ತೂಗಬೇಕು. ಮೋಟರು, ಬ್ಯಾಟರಿ, ಸರ್ವೊ ಎಲ್ಲ ಸೇರಿಸಿದರೂ ಒಂದು ಕಿಲೋ ದಾಟಲಿಲ್ಲ. ಮಿಕ್ಕಿದ್ದಕ್ಕೆಲ್ಲ ಸೀಸ ತುಂಬಬೇಕಾಯಿತು. ವಿಮಾನದವರು ಒಂದೊಂದು ಗ್ರಾಂ ಉಳಿಸಲು ಒದ್ದಾಡುವಾಗ ನಾವು ಕಿಲೋಗಟ್ಟಲೆ ಸೀಸ ಹುಡುಕಿಕೊಂಡು ಅಲೆಯುತ್ತೇವೆ.

ತೂಕವನ್ನು ಹೆಚ್ಚು ಕಡಿಮೆ ಸಮ ಮಾಡಿದ ಮೇಲೆ ಕೊನೆಯ ನೂರಿನ್ನೂರು ಗ್ರಾಂ ನೀರನ್ನು ಒಳಗೆ ಎಳೆದುಕೊಳ್ಳುವುದು, ಹೊರಗೆ ದೂಡುವುದು. ಅದೇ ಮುಳುಗುವ, ಏಳುವ ಗುಟ್ಟು. ಜರ್ಮನಿಯಲ್ಲಿ ಇದಕ್ಕೆಂದೇ ಮಾಡಿದ ಪಿಸ್ಟನ್ ಟ್ಯಾಂಕುಗಳು ಸಿಗುತ್ತವೆ, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಬಡ ಹವ್ಯಾಸಿಯ ಪಿಸ್ಟನ್ ಟ್ಯಾಂಕು ಅಂದರೆ ಔಷಧಿ ಅಂಗಡಿಯ 60 ಎಂ.ಎಲ್. ಸಿರಿಂಜು. ಎರಡು ಸಿರಿಂಜು, ಒಂದು ಗೇರ್ ಮೋಟರು, ಒಂದು ತಿರುಪು. 120 ಗ್ರಾಂ ನೀರು. ಕೆಲವರು ಕಾರಿನ ಗಾಜು ತೊಳೆಯುವ ನೀರು ಚಿಮ್ಮಿಸುವ ಪಂಪನ್ನು ಬಳಸುತ್ತಾರೆ, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಇನ್ನೂ ಹಿಂದೆ ಹೋದರೆ, 1950ರ ದಶಕದಲ್ಲಿ ಅಮೆರಿಕದ ಕೆಲ್ಲಾಗ್ಸ್ ಕಂಪನಿ ತಿಂಡಿಯ ಡಬ್ಬಿಯ ಜೊತೆ ಬೇಕಿಂಗ್ ಪೌಡರಿನಿಂದ ಮುಳುಗಿ ಏಳುವ ಪುಟ್ಟ ಪ್ಲಾಸ್ಟಿಕ್ ಸಬ್‌ಮರೀನ್ ಕೊಡುತ್ತಿತ್ತು. ಗುಳ್ಳೆ ಕಟ್ಟಿಕೊಂಡರೆ ಮೇಲೆ, ಗುಳ್ಳೆ ಒಡೆದರೆ ಕೆಳಗೆ. ರೇಡಿಯೊ ಬೇಡ, ಬ್ಯಾಟರಿ ಬೇಡ!

ಮುಳುಗಿತು ಅನ್ನಿ. ಆಗ ಮೂರನೇ ಕಷ್ಟ. ತೇಲುವ ದೋಣಿಯ ಮೂತಿ ಕೆಳಗೆ ಬಾಗಿದರೆ ಆ ಕಡೆ ಹೆಚ್ಚು ಭಾಗ ಮುಳುಗಿ, ನೀರೇ ಅದನ್ನು ಮೇಲಕ್ಕೆ ತಳ್ಳಿ ಸರಿಮಾಡುತ್ತದೆ. ಪೂರ್ತಿ ಮುಳುಗಿದ ಮೇಲೆ ಆ ಸಹಾಯ ಇಲ್ಲ. ಸೀಸವನ್ನು ತಳದಲ್ಲಿಟ್ಟದ್ದರಿಂದ ಬರುವ ಅಲ್ಪ ಬಲ ಮಾತ್ರ ಉಳಿಯುತ್ತದೆ. ವೇಗ ಹೆಚ್ಚಿಸಿದರೆ ದೋಣಿ ಮೂತಿ ತಗ್ಗಿಸಿ ನೆಲಕ್ಕೆ ಗುದ್ದುತ್ತದೆ, ಎಳೆದರೆ ತಿಮಿಂಗಿಲದ ಹಾಗೆ ಮೇಲೆ ಚಿಮ್ಮುತ್ತದೆ. ಮನುಷ್ಯನ ಕಣ್ಣು ದಡದಿಂದ ಇದನ್ನು ನೋಡಿ ತಿದ್ದುವಷ್ಟರಲ್ಲಿ ತಡವಾಗಿರುತ್ತದೆ. ಒಳಗೇ ಕೂತು ಓರೆಯನ್ನು ಅಳೆದು ಹಿಂದಿನ ರೆಕ್ಕೆ ತಿರುಗಿಸುವವರು ಬೇಕು.

ವಿಮಾನದವರ ಹತ್ತಿರ ಅಂಥ ಉಪಕರಣಗಳಿದ್ದವು. ಆದರೆ ಕೆಲವು ದಿಗಂತದ ಬೆಳಕನ್ನು ನೋಡುತ್ತಿದ್ದವು, ಕೆಲವು ಆಕಾಶ ತಣ್ಣಗೆ ಭೂಮಿ ಬೆಚ್ಚಗೆ ಎಂಬ ಶಾಖದ ವ್ಯತ್ಯಾಸ ನೋಡುತ್ತಿದ್ದವು. ನೀರೊಳಗೆ ದಿಗಂತ ಎಲ್ಲಿ, ಆಕಾಶ ಎಲ್ಲಿ? ಅದು ಉಪಯೋಗಕ್ಕೆ ಬರಲಿಲ್ಲ. ಸಹಾಯ ಬಂದದ್ದು ಕಾರಿನವರಿಂದ. 1990ರ ದಶಕದ ಆರಂಭದಲ್ಲಿ ಅನಲಾಗ್ ಡಿವೈಸಸ್ ಕಂಪನಿ ಕಾರಿನ ಏರ್‌ಬ್ಯಾಗ್ ಸಿಡಿಸಲೆಂದು ಉಗುರಿನಷ್ಟು ಗಾತ್ರದ ವೇಗೋತ್ಕರ್ಷ ಮಾಪಕದ ಚಿಪ್ ತಂದಿತು. ಡಿಕ್ಕಿಯನ್ನು ಅಳೆಯುವ ಅಂಥ ಚಿಪ್ಪುಗಳಿಗೆ ಭೂಮಿಯ ಸೆಳೆತವೂ ಗೊತ್ತಾಗುತ್ತದೆ. ಆಮೇಲೆ 2006ರಲ್ಲಿ ನಿಂಟೆಂಡೊ ವೀ ಎಂಬ ವಿಡಿಯೊ ಗೇಮು ಬಂತು, ಕೈಯಲ್ಲಿ ಬೀಸುವ ರಿಮೋಟಿನದ್ದು. 2009ರಲ್ಲಿ ಅದಕ್ಕೆ ಜೈರೊ ಇರುವ ಮೋಷನ್ ಪ್ಲಸ್ ಎಂಬ ಸೇರ್ಪಡೆ ಬಂತು. ಮಕ್ಕಳು ಅದರಿಂದ ಟೆನಿಸ್ ಆಡಿದರೆ ದೊಡ್ಡವರು ಅದನ್ನು ಬಿಚ್ಚಿ ಒಳಗಿನ ಚಿಪ್ಪು ತೆಗೆದರು. ಅದನ್ನು ಆರ್ಡುಯಿನೊಗೆ ಸೇರಿಸಿ 2010ರ ಸುಮಾರಿಗೆ ಮಲ್ಟಿವೀ ಎಂಬ ಉಚಿತ ತಂತ್ರಾಂಶ ಹುಟ್ಟಿತು. ಹೆಸರಿನಲ್ಲೇ ಆ ಗೇಮಿನ ನೆನಪಿದೆ ನೋಡಿ. ನಾಲ್ಕು ರೆಕ್ಕೆಯ ಡ್ರೋನುಗಳು ಮನೆಮನೆಗೆ ಬಂದದ್ದು ಅಂಥ ಕೆಲಸಗಳ ಬೆನ್ನೇರಿಯೇ. ಡ್ರೋನಿನಿಂದಾಗಿ ಆ ಚಿಪ್ಪುಗಳ ಬೆಲೆ ನೂರಾರು ರೂಪಾಯಿಗೆ ಇಳಿಯಿತು. ನಮಗೆ ಬೇಕಾದದ್ದು ಅಷ್ಟೇ. ನಾಲ್ಕು ಮೋಟರಿನ ಲೆಕ್ಕ ಬಿಟ್ಟು ಒಂದು ರೆಕ್ಕೆಯ ಲೆಕ್ಕ ಇಟ್ಟುಕೊಂಡರೆ ಡ್ರೋನಿನ ಮೆದುಳೇ ಸಬ್‌ಮರೀನಿನ ಮೆದುಳು.

ಅಂದ ಹಾಗೆ ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ. ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳೂ ಬಳಸಲಿ ಎಂದು ಮಾಡಿದ ಅಗ್ಗದ ಬೋರ್ಡು. ಅದೇ 2005ರಲ್ಲಿ ಇನ್ನೊಂದು ಘಟನೆಯೂ ನಡೆಯಿತು, ಅದು ಸಬ್‌ಮರೀನಿನವರ ಪಾಲಿಗೆ ವರವೂ ಹೌದು ಶಾಪವೂ ಹೌದು.

ಆ ವರ್ಷ ಸ್ಪೆಕ್ಟ್ರಂ ಎಂಬ ಹೆಸರಿನಲ್ಲಿ 2.4 ಗಿಗಾಹರ್ಟ್ಸ್‌ನ ಡಿಎಕ್ಸ್-6 ಎಂಬ ವಿಮಾನದ ರಿಮೋಟ್ ಬಂತು. ಮರುವರ್ಷ ಡಿಎಕ್ಸ್-7. ಅಲ್ಲಿಯ ತನಕ ಮೈದಾನದಲ್ಲಿ ಇಬ್ಬರ ಆವರ್ತನ ಒಂದೇ ಆದರೆ ಒಬ್ಬನ ವಿಮಾನ ಬೀಳುತ್ತಿತ್ತು. ಅದಕ್ಕಾಗಿ ಕಂಬಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಗಿಸಿ ಸರದಿ ಕಾಯುವ ಪದ್ಧತಿಯಿತ್ತು. ಹೊಸ ಸೆಟ್ಟುಗಳು ತಾವೇ ಖಾಲಿ ಜಾಗ ಹುಡುಕಿಕೊಳ್ಳುತ್ತಿದ್ದವು. ನಮ್ಮ ದೇಶದಲ್ಲೂ 2005ರಲ್ಲೇ ಆ ಆವರ್ತನಕ್ಕೆ ಲೈಸೆನ್ಸ್ ಬೇಡವೆಂದು ಸರಕಾರ ಹೇಳಿತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಳೇ ಸೆಟ್ಟುಗಳನ್ನು ಅಟ್ಟಕ್ಕೆ ಹಾಕಿದರು, ಕಂಪನಿಗಳು ತಯಾರಿಕೆ ನಿಲ್ಲಿಸುತ್ತಾ ಬಂದವು. ಅಮೆರಿಕದ 75, ಬ್ರಿಟನ್ನಿನ 40, ನಮ್ಮಲ್ಲಿ ಆಟಿಕೆಗಳ 27 ಮೆಗಾಹರ್ಟ್ಸ್, ಎಲ್ಲವೂ ಮೂಲೆಗೆ ಸರಿದವು.

ಮುಳುಗುವವರು ಮಾತ್ರ ಹಿಂದೆ ಉಳಿದರು. ಹಟದಿಂದಲ್ಲ, ನೀರು ಹೇಳಿದ್ದರಿಂದ. ಅವರು ಏನು ಮಾಡಿದರು ಗೊತ್ತೆ? ವಿಮಾನದವರು ಎಸೆದದ್ದನ್ನೆಲ್ಲ ಆರಿಸಿ ತಂದು ಪೆಟ್ಟಿಗೆಯಲ್ಲಿಟ್ಟುಕೊಂಡರು. ಕ್ರಿಸ್ಟಲ್ಲುಗಳನ್ನು ಕೂಡಿಟ್ಟರು. ಒಣಗಿದ ಕೆಪಾಸಿಟರ್ ಬದಲಿಸಿದರು. ಹಳೇ ರಿಸೀವರಿನ ಪಕ್ಕದಲ್ಲಿ ಹೊಸ ಆರ್ಡುಯಿನೊ ಕೂರಿಸಿದರು. ಇನ್ನು ಕೆಲವರು 2.4ರ ರಿಸೀವರನ್ನೇ ಒಂದು ಪುಟ್ಟ ತೇಲುಬುರುಡೆಯಲ್ಲಿಟ್ಟು ತಂತಿಯಿಂದ ದೋಣಿಗೆ ಕಟ್ಟಿ ಎಳೆದುಕೊಂಡು ಹೋದರು. ನಡುವಿನ ದಾರಿ ಹಿಡಿದವರು 433 ಮೆಗಾಹರ್ಟ್ಸ್ ಪ್ರಯತ್ನಿಸಿದರು, ಅದು 2.4ರಷ್ಟು ಬೇಗ ಸಾಯುವುದಿಲ್ಲ. ಹೊಸದೆಲ್ಲ ಎಲ್ಲರಿಗೂ ಒಳ್ಳೆಯದು ಎಂಬ ಮಾತು ಎಷ್ಟು ಅರ್ಧಸತ್ಯ ಎಂದು ನನಗೆ ಅರ್ಥವಾದದ್ದು ಈ ಕಥೆಯಿಂದ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಕಾರಿನ ರಿಮೋಟ್ ಕೆಟ್ಟರೆ ಕಾರು ನಿಲ್ಲುತ್ತದೆ. ಸಬ್‌ಮರೀನಿನ ರಿಮೋಟ್ ಕೆಟ್ಟರೆ ಅದು ಕಣ್ಮರೆಯಾಗುತ್ತದೆ. ಕೆಸರಿನ ಕೆರೆಯಾದರೆ ಶಾಶ್ವತವಾಗಿ. ಆದ್ದರಿಂದ ಈ ಹವ್ಯಾಸದ ನಿಜವಾದ ಚರಿತ್ರೆ ರೇಡಿಯೊದ್ದಲ್ಲ, ಜೈರೊದ್ದೂ ಅಲ್ಲ. "ಕೆಟ್ಟರೆ ಏನು?" ಎಂಬ ಪ್ರಶ್ನೆಯದ್ದು. ಹಳಬರ ಮೊದಲ ಉತ್ತರ ಸರಳ: ದೋಣಿಯನ್ನು ಯಾವಾಗಲೂ ಒಂದಿಷ್ಟು ತೇಲುವ ಹಾಗೇ ಇಡು, ಓಟದ ಬಲದಿಂದ ರೆಕ್ಕೆ ಬಾಗಿಸಿ ಮುಳುಗಿಸು. ಮೋಟರು ನಿಂತರೆ ತಾನೇ ಮೇಲೆ ಬರುತ್ತದೆ. ಎರಡನೇ ಉತ್ತರ: ಸಂಕೇತ ಎರಡು ಮೂರು ಸೆಕೆಂಡ್ ಬರದಿದ್ದರೆ ಒಳಗಿನ ಚಿಪ್ಪು ಯಾರನ್ನೂ ಕೇಳದೆ ನೀರನ್ನು ಹೊರಗೆ ದೂಡಲಿ. ಮೂರನೆಯದು: ಬ್ಯಾಟರಿ ಇಳಿಯುತ್ತಿದ್ದರೂ ಹಾಗೇ, ಯಾಕೆಂದರೆ ದೂಡಲಿಕ್ಕೂ ಬ್ಯಾಟರಿ ಬೇಕಲ್ಲ. ನಾಲ್ಕನೆಯದು: ತಳದಲ್ಲಿ ಎರಡು ಬರಿ ತಂತಿ, ಒಂದು ಟ್ರಾನ್ಸಿಸ್ಟರ್. ಒಳಗೆ ಎರಡು ಹನಿ ನೀರು ಬಂದರೂ ತಂತಿಗಳು ಮುಟ್ಟಿಕೊಂಡ ಹಾಗಾಗಿ ಮೇಲೆ ಏಳುವ ಆಜ್ಞೆ. ನನ್ನ ಮೊದಲ ದೋಣಿಯಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಸಂಕೇತ ಹೋದಾಗ ಅದು ನನ್ನ ಕೊನೆಯ ಮಾತನ್ನೇ ಹಿಡಿದುಕೊಂಡಿತ್ತು. ಕೊನೆಯ ಮಾತು "ಮುಳುಗು" ಎಂದಾಗಿತ್ತು.

ಇಲ್ಲಿ ಎರಡು ಘಟನೆ ನೆನಪಾಗುತ್ತವೆ.

ಒಂದು 2004ರದ್ದು. ಅಮೆರಿಕದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ಕು ಹುಡುಗರು. ಚಿಕ್ಕಂದಿನಲ್ಲಿ ಮೆಕ್ಸಿಕೊದಿಂದ ಬಂದವರು, ಕಾಗದಪತ್ರ ಇಲ್ಲದವರು, ಬಡವರ ಮನೆಯವರು. ಸುಮಾರು 800 ಡಾಲರಿನಲ್ಲಿ ಪಿವಿಸಿ ಪೈಪು ಅಂಟಿಸಿ ನೀರೊಳಗಿನ ರೋಬೋಟ್ ಕಟ್ಟಿದರು. ಹೆಸರು ಸ್ಟಿಂಕಿ, ಅಂಟಿನ ವಾಸನೆಗೆ ಇಟ್ಟ ಹೆಸರು. ರೇಡಿಯೊ ಅಲ್ಲ, ತಂತಿ ಕಟ್ಟಿದ್ದು. ಸಾಂಟಾ ಬಾರ್ಬರಾದ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ಸ್ ಇಟ್ಟಿದ್ದ ಪೆಟ್ಟಿಗೆ ಸೋರಿತು. ನೀರು ಹೀರುವ ವಸ್ತು ಯಾವುದು ಎಂದು ಯೋಚಿಸಿ ಅಂಗಡಿಗೆ ಹೋಗಿ, ನಾಚಿಕೆ ಬಿಟ್ಟು, ಹೆಂಗಸರು ಬಳಸುವ ಟ್ಯಾಂಪೊನ್ ತಂದು ಒಳಗೆ ತುಂಬಿದರು. ಎಂಐಟಿಯ ತಂಡವನ್ನೂ ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದರು. ಪರಊರಿನಲ್ಲಿ ಅನ್ನ ಹುಡುಕಿಕೊಂಡು ಬಂದವರ ಮಕ್ಕಳು ಇವರು ಎಂಬುದು ನನಗೆ ಆ ಕಥೆಯಲ್ಲಿ ಬಹುಮಾನಕ್ಕಿಂತ ಹೆಚ್ಚು ತಾಗಿತು. ನಮ್ಮಲ್ಲೂ ಹೋಟೆಲಿನಲ್ಲಿ ಕಪ್ಪು ತೊಳೆದು ರಾತ್ರಿಶಾಲೆಯಲ್ಲಿ ಓದಿದವರ ಕಥೆಗಳು ಕಡಿಮೆಯೇ?

ಇನ್ನೊಂದು 2023ರ ಜೂನ್ 18ರದ್ದು. ಟೈಟಾನಿಕ್ ಅವಶೇಷ ನೋಡಲು ಹೋದ ಟೈಟನ್ ಎಂಬ ಪುಟ್ಟ ನೌಕೆ ಐವರೊಂದಿಗೆ ಒಡೆದುಹೋಯಿತು. ಅದನ್ನು ನಡೆಸುತ್ತಿದ್ದದ್ದು ಲಾಜಿಟೆಕ್ ಕಂಪನಿಯ ವಿಡಿಯೊ ಗೇಮ್ ಕಂಟ್ರೋಲರಿನಿಂದ ಎಂದು ತಿಳಿದು ಜಗತ್ತೆಲ್ಲ ನಕ್ಕಿತು. ಆಟದ ಸಾಮಾನಿನಿಂದ ಯಾರಾದರೂ ಸಬ್‌ಮರೀನ್ ನಡೆಸುತ್ತಾರಾ ಎಂದು. ಆದರೆ ಅಮೆರಿಕದ ನೌಕಾಪಡೆ 2018ರಲ್ಲಿ ಸೇವೆಗೆ ತಂದ ಯುಎಸ್ಎಸ್ ಕೊಲರಾಡೊ ಎಂಬ ಅಣು ಸಬ್‌ಮರೀನಿನಲ್ಲಿ ಪೆರಿಸ್ಕೋಪಿನ ಬದಲಿಗಿರುವ ಕ್ಯಾಮೆರಾ ಕಂಬವನ್ನು ತಿರುಗಿಸುವುದು ಎಕ್ಸ್‌ಬಾಕ್ಸ್ ಕಂಟ್ರೋಲರಿನಿಂದಲೇ! ಟೈಟನ್ನಿನಲ್ಲಿ ಸೋತದ್ದು ಕಂಟ್ರೋಲರ್ ಅಲ್ಲ. ಅದರ ಅಲೆಗಳು ನೌಕೆಯ ಒಳಗಿನ ಗಾಳಿಯಲ್ಲೇ ಓಡಾಡುತ್ತಿದ್ದವು, ನೀರನ್ನು ದಾಟಬೇಕಾಗಿಯೇ ಇರಲಿಲ್ಲ. ಸೋತದ್ದು ಕಾರ್ಬನ್ ನಾರಿನ ಒಡಲು. ಅದಕ್ಕಿಂತ ಮೊದಲು ಸೋತದ್ದು "ಕೆಟ್ಟರೆ ಏನು?" ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ತಾಳ್ಮೆ. ಆ ದುರಂತವನ್ನು ತಡೆಯಬಹುದಿತ್ತು ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟಿನಲ್ಲಿ ತನ್ನ ವರದಿಯಲ್ಲಿ ಹೇಳಿತು.

ಅಗ್ಗದ ಸಾಮಾನಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಅಗ್ಗ ಎಂಬುದು ತಪ್ಪಲ್ಲ, ಜುಗಾಡ್ ಎಂಬುದೂ ಬೈಗುಳವಲ್ಲ. ಸ್ಟಿಂಕಿಯನ್ನು ಕಟ್ಟಿದ ಹುಡುಗರು ಸೋರುತ್ತದೆ ಎಂದು ಒಪ್ಪಿಕೊಂಡರು, ಅದಕ್ಕೆ ಉಪಾಯ ಹುಡುಕಿದರು. ಟೈಟನ್ ಕಟ್ಟಿದವರು ಒಡೆಯಬಹುದು ಎಂದು ಹೇಳಿದವರ ಮಾತು ಕೇಳಲಿಲ್ಲ. ವ್ಯತ್ಯಾಸ ದುಡ್ಡಿನದ್ದಲ್ಲ.

ಸರಿ, ನನ್ನ ಎರಡನೇ ದೋಣಿಯ ಕಥೆ ಹೇಳಿ ಮುಗಿಸುತ್ತೇನೆ. ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನಾಲ್ಕು ಚಾನೆಲ್ಲಿನ, ಉದ್ದ ಆಂಟೆನಾದ 27 ಮೆಗಾಹರ್ಟ್ಸ್ ಸೆಟ್ಟು ಸಿಕ್ಕಿತು. ಅಂಗಡಿಯವನು ಅದನ್ನು ತೂಕದ ಲೆಕ್ಕದಲ್ಲಿ ಕೊಡುವ ಹಾಗಿದ್ದ. ಮೊದಲ ದಿನ ಬಕೆಟ್ಟಿನಲ್ಲಿ ಸರ್ವೊಗಳು ಜ್ವರ ಬಂದವರ ಹಾಗೆ ನಡುಗಿದವು. ಹಳೇ ಸೆಟ್ಟುಗಳಿಗೆ ಮೋಟರಿನ ಬ್ರಶ್ಶಿನ ಕಿಡಿಯೂ ಒಂದು ಆಜ್ಞೆಯ ಹಾಗೆ ಕೇಳಿಸುತ್ತದೆ. ಮೋಟರಿಗೆ ಮೂರು 104 ಕೆಪಾಸಿಟರ್ ಬೆಸೆದೆ, ಆಂಟೆನಾ ತಂತಿಯನ್ನು ಆರ್ಡುಯಿನೊದಿಂದ ದೂರ, ಪೈಪಿನ ಇನ್ನೊಂದು ಬದಿಗೆ ಸರಿಸಿದೆ. ನಡುಕ ನಿಂತಿತು. ಆರ್ಡುಯಿನೊಗೆ ಬರೆದ ಮೊದಲ ಸಾಲು ಮುಳುಗುವುದಕ್ಕಲ್ಲ, ಏಳುವುದಕ್ಕೆ.

ಮೊನ್ನೆ ಅದೇ ಈಜುಕೊಳಕ್ಕೆ ಹೋದೆವು. ಮೊದಲ ಸಲ ನಕ್ಕ ಮಕ್ಕಳಲ್ಲಿ ಕೆಲವರು ಈಗ ಕಾಲೇಜಿಗೆ ಹೋಗುತ್ತಾರೆ, ಆದರೂ ಬಂದರು. ದೋಣಿ ಇಳಿಯಿತು. ಒಂದಡಿ, ಎರಡಡಿ, ಮೂರಡಿ. ಕಡ್ಡಿ ತಿರುಗಿಸಿದೆ, ತಿರುಗಿತು. ಆಮೇಲೆ ಎಲ್ಲರೆದುರು ನನ್ನ ಕೈಯ ಟ್ರಾನ್ಸ್‌ಮಿಟರನ್ನು ಬೇಕೆಂದೇ ಆಫ್ ಮಾಡಿದೆ. ಒಂದು, ಎರಡು, ಮೂರು... ತಳದಲ್ಲಿ ಸಿರಿಂಜಿನ ಮೋಟರು ಗುರ್ ಅನ್ನುವುದು ಕೇಳಿಸಲಿಲ್ಲ, ಆದರೆ ಗುಳ್ಳೆ ಒಂದೆರಡು ಬಂದವು. ಅದರ ಹಿಂದೆ ದೋಣಿಯ ಬೆನ್ನು. ಮೊದಲ ಸಲ ಮುಳುಗಿ ಎತ್ತಿ ತಂದಿದ್ದ ಹುಡುಗ, "ಅಂಕಲ್, ಈ ಸಲ ನನಗೆ ಕೆಲಸ ಇಲ್ಲ" ಅಂದ.

ನಿಮ್ಮೂರಿನ ಅಟ್ಟದ ಮೇಲೆ ಉದ್ದ ಆಂಟೆನಾದ ಹಳೇ ರಿಮೋಟ್ ಸೆಟ್ಟು ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಗಾಳಿಯಲ್ಲಿ ಅದಕ್ಕೆ ಬೆಲೆ ಇಲ್ಲದೆ ಇರಬಹುದು, ನೀರಿನಲ್ಲಿ ಇನ್ನೂ ಇದೆ.